ಶಸ್ತ್ರಕ್ಕೆ ಮುಂಚಿನ ಪಥ್ಯ

ಉಪವಾಸವೆಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಗೆ ಹೊಸತಾದ ವಿದ್ಯೆಯೇನೂ ಅಲ್ಲ. ತುಂಗೆಯ ದಡದ ಶೃಂಗೇರಿಯಲ್ಲಿ ಏಕಾದಶಿಯೂ ಚಾತುರ್ಮಾಸ್ಯವೂ ಪಂಚಾಂಗದ ಪುಟದಿಂದ ನೇರವಾಗಿ ಅಡಿಗೆಮನೆಗೆ ಇಳಿದುಬರುತ್ತವೆ. ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಅಮ್ಮನವರಿಗೆ ನಡೆದುಕೊಳ್ಳುವ ಜೈನ ಮನೆತನಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದಿರುವ ನಿಯಮವನ್ನು ಪಾಲಿಸುವ ಹಿರಿಯರು ಇಂದಿಗೂ ಉಂಟು. ಅದೇ ತಾಲ್ಲೂಕಿಗೆ ಕೇರಳದಿಂದ ಬಂದು ನೆಲೆಸಿ ರಬ್ಬರು, ಶುಂಠಿ ಬೆಳೆಯುವ ಸಿರಿಯನ್ ಕ್ರೈಸ್ತ ಕುಟುಂಬಗಳು ಈಸ್ಟರಿಗೆ ಮುನ್ನ ಐವತ್ತು ದಿನಗಳ ನೋಂಬು ಹಿಡಿದು ಮೀನು ಮಾಂಸಗಳನ್ನು ತ್ಯಜಿಸುತ್ತವೆ. ಕೊಪ್ಪದಲ್ಲಂತೂ ಆಯುರ್ವೇದದ ಮಹಾವಿದ್ಯಾಲಯವೇ ಇರುವುದರಿಂದ ಲಂಘನ, ಪಥ್ಯ ಎಂಬ ಮಾತುಗಳು ಜನರ ನಾಲಗೆಯ ಮೇಲೆ ಸಲೀಸಾಗಿ ಆಡುತ್ತವೆ. ಇಂತಹ ಸೀಮೆಯಿಂದ, ವರ್ಷಾನುವರ್ಷ ಏರುತ್ತಲೇ ಬಂದ ದೇಹಭಾರಕ್ಕೂ ಅದರ ಬೆನ್ನು ಹತ್ತಿ ಬಂದ ಸಕ್ಕರೆ ಕಾಯಿಲೆಗೂ ಶಸ್ತ್ರಚಿಕಿತ್ಸೆಯೇ ದಾರಿಯೆಂದು ತೀರ್ಮಾನವಾಗಿ, ಘಟ್ಟವಿಳಿದೋ ಬೆಂಗಳೂರಿನ ಬಸ್ಸು ಹತ್ತಿಯೋ ದೊಡ್ಡ ಆಸ್ಪತ್ರೆಗೆ ಹೋದವರಿಗೆ, "ಆಪರೇಷನ್ನಿಗೆ ಮುಂಚೆ ಎರಡು ವಾರ ಪಥ್ಯ ಮಾಡಬೇಕು" ಎಂದು ವೈದ್ಯರು ಹೇಳಿದಾಗ, ಅದು ಅವರಿಗೆ ಅಂಜಿಕೆಯ ಮಾತಾಗಿ ಕೇಳುವುದಿಲ್ಲ. ಗೊತ್ತಿರುವ ವಿಷಯವೆಂದೇ ತೋರುತ್ತದೆ. ತೊಡಕು ಶುರುವಾಗುವುದು ಅಲ್ಲಿಂದಲೇ.

ಶಸ್ತ್ರಕ್ರಿಯೆಯ ಸ್ವರೂಪವನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಜಠರದ ಮುಕ್ಕಾಲು ಪಾಲಿಗೂ ಮಿಕ್ಕ ಭಾಗವನ್ನು ತೆಗೆದು ಉಳಿದುದನ್ನು ಸಪೂರವಾದ ಕೊಳವೆಯಂತೆ ಹೊಲಿಯುವುದು ಒಂದು ಬಗೆ. ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ಸ್ಲೀವ್ ಎಂದೂ ಎರಡನೆಯದನ್ನು ಬೈಪಾಸ್ ಎಂದೂ ಆಸ್ಪತ್ರೆಯವರು ಕರೆಯುವರು. ಬೈಪಾಸಿನ ಮೂಲಪುರುಷನೆಂದು ಹೆಸರಾದ ಎಡ್ವರ್ಡ್ ಮೇಸನ್ ಅಮೆರಿಕೆಯ ಅಯೋವಾ ವಿಶ್ವವಿದ್ಯಾಲಯದಲ್ಲಿ ಅದನ್ನು ಆರಂಭಿಸಿದ್ದು 1966ರಲ್ಲಿ. ಅರ್ಹತೆಯನ್ನು ಎತ್ತರಕ್ಕೂ ತೂಕಕ್ಕೂ ಇರುವ ಪ್ರಮಾಣದಿಂದ, ಎಂದರೆ ಬಿಎಂಐ ಎಂಬ ಸಂಖ್ಯೆಯಿಂದ, ಅಳೆಯುತ್ತಾರೆ. ಭಾರತೀಯರ ಮೈ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆಗೆ ಒಳಗಾಗುವುದನ್ನು ಗಮನಿಸಿ ನಮ್ಮ ತಜ್ಞರು ಬಹುಕಾಲ ಅನುಸರಿಸಿದ ಗೆರೆ 37.5, ಜೊತೆಗೆ ಮಧುಮೇಹದಂತಹ ಕಾಯಿಲೆಯಿದ್ದರೆ 32.5. ಐದೂಕಾಲಡಿ, ಅಂದರೆ 160 ಸೆಂಟಿಮೀಟರು ಎತ್ತರದ ಗೃಹಿಣಿಗೆ ಇದು 96 ಕಿಲೊ ಮತ್ತು ಸುಮಾರು 83 ಕಿಲೊ ಆಗುತ್ತದೆ. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಏಷ್ಯಾದವರ ಗೆರೆಯನ್ನು 27.5ರವರೆಗೂ ಇಳಿಸಿವೆ. ನಮ್ಮ ಆರೋಗ್ಯವಿಮೆಯ ನಿಯಮಾವಳಿ ಮಾತ್ರ ಇನ್ನೂ 40ನ್ನೂ, ಗಂಭೀರ ಕಾಯಿಲೆಗಳಿದ್ದಲ್ಲಿ 35ನ್ನೂ ಕೇಳುತ್ತದೆ. ವೈದ್ಯರ ಕಣ್ಣಿಗೆ ರೋಗಿಯಾದವರು ವಿಮೆಯವರ ಕಣ್ಣಿಗೆ ಆರೋಗ್ಯವಂತರಾಗಿ ಕಾಣುವ ಈ ವಿಚಿತ್ರವನ್ನು ಕುರಿತು ಬೇರೆಯೇ ಲೇಖನ ಬರೆಯಬಹುದು.

ಈಗ ಪಥ್ಯದ ವಿಚಾರ. ತೂಕ ಇಳಿಸುವುದಕ್ಕೆಂದೇ ಶಸ್ತ್ರಕ್ರಿಯೆ ಮಾಡುವುದಾದರೆ, ಅದಕ್ಕೆ ಮುಂಚೆ ತೂಕ ಇಳಿಸಿಕೊಂಡು ಬಾ ಎನ್ನುವುದು ಯಾವ ನ್ಯಾಯ? ಊಟ ಬಿಟ್ಟು ಇಳಿಸುವ ಶಕ್ತಿಯಿದ್ದಿದ್ದರೆ ಆಸ್ಪತ್ರೆಯ ಮೆಟ್ಟಿಲನ್ನು ಏಕೆ ಹತ್ತಬೇಕಾಗಿತ್ತು? ರೋಗಿಗಳೂ ಮನೆಯವರೂ ಕೇಳುವ ಈ ಪ್ರಶ್ನೆ ಸಾಧುವಾದದ್ದೇ. ಆದರೆ ಅದಕ್ಕೆ ಉತ್ತರವಿರುವುದು ತೂಕದ ಯಂತ್ರದಲ್ಲಿ ಅಲ್ಲ, ಬಲಗಡೆಯ ಪಕ್ಕೆಲುಬುಗಳ ಕೆಳಗೆ ಮಲಗಿರುವ ಯಕೃತ್ತಿನಲ್ಲಿ.

ಯಕೃತ್ತು ಆರೋಗ್ಯವಂತರಲ್ಲಿ ಸುಮಾರು ಒಂದೂವರೆ ಕಿಲೊ ತೂಗುವ ಅವಯವ. ಅದರ ಬಹುಭಾಗ ಬಲಕ್ಕಿದ್ದರೂ ಎಡ ಹಾಲೆಯು ನಡುವನ್ನು ದಾಟಿ ಬಂದು ಜಠರದ ಮೇಲ್ಭಾಗವನ್ನೂ ಅನ್ನನಾಳವು ಜಠರವನ್ನು ಕೂಡುವ ಸಂದನ್ನೂ ಮುಚ್ಚಿಕೊಂಡಿರುತ್ತದೆ. ಶಸ್ತ್ರವೈದ್ಯರಿಗೆ ಬೇಕಾದ ಜಾಗ ನಿಖರವಾಗಿ ಅದೇ. ಹಿಂದೆ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮಾಡುತ್ತಿದ್ದ ಕಾಲದಲ್ಲಿ ಈ ಹಾಲೆಯನ್ನು ಅಂಗೈಯಿಂದ ಸರಿಸಿ ಹಿಡಿಯಬಹುದಾಗಿತ್ತು. 1990ರ ದಶಕದಿಂದೀಚೆಗೆ ಲ್ಯಾಪರೊಸ್ಕೋಪಿಯ ಕ್ರಮ ಬಂದು, ಅರ್ಧ ಅಂಗುಲದ ಆಸುಪಾಸಿನ ನಾಲ್ಕೈದು ರಂಧ್ರಗಳ ಮೂಲಕ, ಹೊಟ್ಟೆಯೊಳಕ್ಕೆ ಅನಿಲ ತುಂಬಿ, ಪರದೆಯ ಮೇಲಿನ ಚಿತ್ರವನ್ನು ನೋಡುತ್ತ ಕೆಲಸ ಮಾಡುವಂತಾದ ಮೇಲೆ, ಒಳಗೆ ಕೈಗೆ ಎಡೆಯಿಲ್ಲ. ಬಾಗಿದ ಒಂದು ಉಕ್ಕಿನ ಕಡ್ಡಿಯನ್ನು ತೂರಿಸಿ ಅದರ ಮೇಲೆ ಯಕೃತ್ತಿನ ಹಾಲೆಯನ್ನು ಎತ್ತಿ ನಿಲ್ಲಿಸಬೇಕು. ತೆಳುವಾದ ಹಾಲೆ ಆ ಕಡ್ಡಿಯ ಮೇಲೆ ಮಡಿಚಿಕೊಂಡು ಸುಮ್ಮನಿರುತ್ತದೆ. ಸ್ಥೂಲಕಾಯರ ಯಕೃತ್ತಾದರೋ ಬಹುಮಟ್ಟಿಗೆ ಜಿಡ್ಡು ತುಂಬಿ ಹಳದಿಗೆ ತಿರುಗಿ, ಅಂಚು ದುಂಡಗಾಗಿ, ಉಬ್ಬಿ ಬಿಗಿದಿರುತ್ತದೆ. ಅದು ಮಡಿಚುವುದಿಲ್ಲ, ಎತ್ತಿದರೆ ಜಾರುತ್ತದೆ, ಒತ್ತಿದರೆ ಹರಿದು ರಕ್ತ ಒಸರುತ್ತದೆ. ಹೀಗೆ ದಾರಿ ಕಾಣದೆ ಶಸ್ತ್ರಕ್ರಿಯೆಯನ್ನು ನಿಲ್ಲಿಸಿದ, ಅಥವಾ ಹೊಟ್ಟೆಯನ್ನು ಸೀಳಬೇಕಾಗಿ ಬಂದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ.

ಇನ್ನು ಯಕೃತ್ತು ಹದಿನೈದು ದಿನಗಳಲ್ಲಿ ಕುಗ್ಗುವುದು ಹೇಗೆ? ನಾವು ಉಂಡ ಅನ್ನದ ಪಿಷ್ಟದಲ್ಲಿ ಒಂದಂಶವನ್ನು ಅದು ಗ್ಲೈಕೋಜನ್ ಎಂಬ ರೂಪದಲ್ಲಿ, ಸಾಮಾನ್ಯವಾಗಿ ನೂರು ಗ್ರಾಮಿನ ಆಸುಪಾಸು, ತನ್ನಲ್ಲಿ ಸಂಗ್ರಹಿಸಿಕೊಂಡಿರುತ್ತದೆ. ಈ ಗ್ಲೈಕೋಜನ್ನು ತನ್ನ ತೂಕದ ಸುಮಾರು ಮೂರರಷ್ಟು ನೀರನ್ನೂ ಹಿಡಿದುಕೊಂಡಿರುತ್ತದೆ. ಮಳೆಯಲ್ಲಿ ತೊಯ್ದ ಕಂಬಳಿಕೊಪ್ಪೆಯ ಭಾರದಲ್ಲಿ ಉಣ್ಣೆಯ ಪಾಲಿಗಿಂತ ನೀರಿನ ಪಾಲೇ ಹೆಚ್ಚಾಗಿರುವಂತೆ ಇಲ್ಲಿಯೂ. ಪಿಷ್ಟವನ್ನು ತೀರ ಕಡಿಮೆ ಮಾಡಿದ ಎರಡು ಮೂರು ದಿನಗಳಲ್ಲಿ ಆ ಸಂಗ್ರಹ ಖಾಲಿಯಾಗಿ ನೀರು ಇಳಿದುಹೋಗುತ್ತದೆ. ಅಲ್ಲಿಂದಾಚೆಗೆ ದೇಹವು ಜಿಡ್ಡನ್ನು ಉರಿಸತೊಡಗುವುದರಿಂದ ಯಕೃತ್ತಿನೊಳಗಿನ ಕೊಬ್ಬೂ ಮೈಯ ಬೇರೆಡೆಯ ಕೊಬ್ಬಿಗಿಂತ ಬೇಗನೆ ಕರಗುತ್ತದೆ. ಆಸ್ಟ್ರೇಲಿಯದ ವೈದ್ಯರು 32 ಮಂದಿಗೆ ಹನ್ನೆರಡು ವಾರ ಇಂತಹ ಅಲ್ಪಾಹಾರ ಕೊಟ್ಟು ಆಗಾಗ್ಗೆ ಯಕೃತ್ತಿನ ಚಿತ್ರ ತೆಗೆದು ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದರ ಗಾತ್ರ ಸರಾಸರಿ ನೂರಕ್ಕೆ ಸುಮಾರು 19ರಷ್ಟು ಇಳಿದಿತ್ತು. ಆ ಇಳಿಕೆಯ ಐದರಲ್ಲಿ ನಾಲ್ಕು ಪಾಲು ಮೊದಲ ಎರಡು ವಾರಗಳಲ್ಲಿಯೇ ಆಗಿಹೋಗಿತ್ತು. ಬಹಳ ಆಸ್ಪತ್ರೆಗಳು ಹದಿನೈದು ದಿನವನ್ನು ಹಿಡಿದುಕೊಂಡಿರುವುದರ ಹಿಂದೆ ಇರುವುದು ಇಂತಹ ಲೆಕ್ಕ.

ಆದಕಾರಣ ಈ ಪಥ್ಯವನ್ನು ರೋಗಿಯ ಸ್ಥೈರ್ಯದ ಪರೀಕ್ಷೆಯೆಂದೋ, ಹಿಂದೆ ಹೊಟ್ಟೆಬಾಕತನ ಮಾಡಿದ್ದಕ್ಕೆ ವಿಧಿಸಿದ ಪ್ರಾಯಶ್ಚಿತ್ತವೆಂದೋ ಭಾವಿಸುವುದು ತಪ್ಪು. ಹಾಗೆ ಭಾವಿಸುವವರು ರೋಗಿಗಳಲ್ಲಿಯೇ ಅಲ್ಲ, ಹಣ ಕೊಡುವವರಲ್ಲಿಯೂ ಇದ್ದಾರೆ. ಅಮೆರಿಕೆಯ ಅನೇಕ ವಿಮಾ ಕಂಪನಿಗಳು ಶಸ್ತ್ರಕ್ರಿಯೆಗೆ ಹಣ ಮಂಜೂರು ಮಾಡುವುದಕ್ಕೆ ಮುನ್ನ ಆರಾರು ತಿಂಗಳ ಪಥ್ಯದ ದಾಖಲೆ ಕೇಳುತ್ತಿದ್ದುವು. ಅಲ್ಲಿಯ ಶಸ್ತ್ರವೈದ್ಯರ ಸಂಘವು 2016ರಲ್ಲಿ, ಇಂತಹ ಕಡ್ಡಾಯಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದೂ ಅದರಿಂದ ಚಿಕಿತ್ಸೆ ತಡವಾಗುವುದಷ್ಟೇ ಫಲವೆಂದೂ ಸ್ಪಷ್ಟವಾಗಿ ವಿರೋಧಿಸಿತು. ಆರು ತಿಂಗಳ ಆ ಕಡ್ಡಾಯವೇ ಬೇರೆ, ಹದಿನೈದು ದಿನಗಳ ಈ ಪಥ್ಯವೇ ಬೇರೆ. ಎರಡನೆಯದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳು ಕೂಡಿ ಸುಮಾರು ಮುನ್ನೂರು ಮಂದಿಯ ಮೇಲೆ ನಡೆಸಿದ ಒಂದು ಅಧ್ಯಯನದಲ್ಲಿ, ಎರಡು ವಾರ ಪಥ್ಯ ಮಾಡಿ ಬಂದವರ ಶಸ್ತ್ರಕ್ರಿಯೆ ಹೆಚ್ಚು ಸುಗಮವಾಗಿತ್ತೆಂದು ವೈದ್ಯರು ಗುರುತಿಸಿದರು. ಶಸ್ತ್ರಕ್ರಿಯೆಗೆ ಹಿಡಿದ ಕಾಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣದಿದ್ದರೂ ಮುಂದಿನ ಮೂವತ್ತು ದಿನಗಳ ತೊಂದರೆಗಳು ಕಡಿಮೆಯಾಗಿದ್ದುವು. ಎಲ್ಲ ವೈದ್ಯರೂ ಇದನ್ನು ಒಂದೇ ಕಟ್ಟುನಿಟ್ಟಿನಿಂದ ವಿಧಿಸುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು: ಕೆಲವರು ವಾರ ಸಾಕೆನ್ನುವರು, ಅತಿಭಾರದವರಿಗೆ ತಿಂಗಳೂ ಆಗಬಹುದು.

ಪಥ್ಯದ ಪ್ರಮಾಣ ದಿನಕ್ಕೆ ಸಾಮಾನ್ಯವಾಗಿ 800 ಕ್ಯಾಲೊರಿಗಳ ಸುತ್ತಮುತ್ತ, ಕೆಲವೆಡೆ ಸಾವಿರದವರೆಗೆ. ಆದರೆ ಕಡಿಮೆ ತಿನ್ನುವುದೊಂದೇ ಇದರ ಲಕ್ಷಣವಲ್ಲ. ಪಿಷ್ಟವೂ ಜಿಡ್ಡೂ ಇಳಿಯಬೇಕು, ಪ್ರೋಟೀನು ಇಳಿಯಬಾರದು. ದಿನಕ್ಕೆ 60 ಗ್ರಾಂಗೆ ಕಡಿಮೆಯಾಗದಂತೆ ಎಂಬುದು ವಾಡಿಕೆಯ ಲೆಕ್ಕ. ಇಲ್ಲದಿದ್ದರೆ ದೇಹವು ಸ್ನಾಯುವನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ, ಗಾಯ ಮಾಯುವುದಕ್ಕೆ ಬೇಕಾದ ದಾಸ್ತಾನು ಗಾಯವಾಗುವುದಕ್ಕೆ ಮೊದಲೇ ಮುಗಿದಿರುತ್ತದೆ. ಪ್ರೋಟೀನಿನ ಪರಿಮಾಣದಷ್ಟೇ ಗುಣವೂ ಮುಖ್ಯವೆಂಬ ಪಾಠವನ್ನು ವೈದ್ಯಲೋಕ ಕಲಿತದ್ದು ದುಬಾರಿಯಾದ ಬೆಲೆ ತೆತ್ತು. 1976ರಲ್ಲಿ ಪ್ರಕಟವಾದ ಒಂದು ಜನಪ್ರಿಯ ಪುಸ್ತಕದಿಂದ ಅಮೆರಿಕೆಯಲ್ಲಿ ದ್ರವ ಪ್ರೋಟೀನಿನ ಪಥ್ಯವೊಂದು ಹಬ್ಬಿತು. ಜಾನುವಾರುಗಳ ತೊಗಲು ಮೂಳೆಗಳಿಂದ ತೆಗೆದ ಕಾಲಜನ್ನಿನ ಆ ಪಾನೀಯವನ್ನೇ ನೆಚ್ಚಿ ತಿಂಗಳುಗಟ್ಟಲೆ ಬದುಕಿದವರಲ್ಲಿ ಮುಂದಿನ ಒಂದೆರಡು ವರ್ಷಗಳಲ್ಲಿ ಸುಮಾರು ಅರವತ್ತು ಸಾವುಗಳು ವರದಿಯಾದುವು, ಹಲವರಲ್ಲಿ ಹೃದಯದ ಬಡಿತವೇ ತಾಳ ತಪ್ಪಿ. ಅಂದಿನಿಂದ ಅಲ್ಪಾಹಾರದ ಪಥ್ಯವನ್ನು ವೈದ್ಯರ ಕಣ್ಗಾವಲಿಲ್ಲದೆ ಮಾಡಕೂಡದೆಂಬ ಕಟ್ಟಳೆ ಗಟ್ಟಿಯಾಯಿತು.

ಇದಿಷ್ಟು ಆಸ್ಪತ್ರೆಯ ಶಾಸ್ತ್ರ. ಈಗ ಅದನ್ನು ಇದೇ ಸೀಮೆಯ ಹರಿಹರಪುರದ ಹತ್ತಿರದ ಒಂದು ತೋಟದ ಮನೆಗೆ ತರೋಣ. ಐವತ್ತು ದಾಟಿದ, ಸಕ್ಕರೆ ಕಾಯಿಲೆಯುಳ್ಳ ಗೃಹಿಣಿಯೊಬ್ಬರನ್ನು ಆಹಾರತಜ್ಞೆ ಪ್ರಶ್ನಿಸುತ್ತಿದ್ದಾರೆಂದು ಭಾವಿಸಿಕೊಳ್ಳಿ. "ಬೆಳಗ್ಗೆ ಏನು ತಗೋತೀರಿ ಅಮ್ಮ?" "ಏನಿಲ್ಲ ಮೇಡಂ, ಒಂದು ಲೋಟ ಕಾಫಿ, ಎರಡು ಅಕ್ಕಿರೊಟ್ಟಿ, ಅಷ್ಟೆ." ಸುಳ್ಳೇನೂ ಅಲ್ಲ; ಆದರೆ ರೊಟ್ಟಿಯ ಮೇಲಿನ ಬೆಣ್ಣೆ, ಪಕ್ಕದ ಕಾಯಿಚಟ್ನಿ, ಕಾಫಿಯ ಎರಡು ಚಮಚ ಸಕ್ಕರೆ, ಹತ್ತು ಗಂಟೆಗೆ ಆಳುಗಳಿಗೆ ಕಾಫಿ ಕಾಸುವಾಗ ತಾವೂ ಕುಡಿಯುವ ಇನ್ನೊಂದು ಲೋಟ, ಮಧ್ಯಾಹ್ನದ ಅನ್ನದ ಮೇಲೆ ಕರಿದ ಹಲಸಿನ ಹಪ್ಪಳ, ಇವು ಯಾವುವೂ ಅವರ ಲೆಕ್ಕದಲ್ಲಿ ಊಟವೆನ್ನಿಸಿಕೊಳ್ಳುವುದಿಲ್ಲ. "ಹಸಿವು ತಡಕೊಳ್ಳೋದು ನನಗೆ ಕಷ್ಟವಲ್ಲ ಮೇಡಂ, ಏಕಾದಶಿ ತಪ್ಪಿಸೋಳಲ್ಲ" ಎಂದೂ ಅವರು ಸೇರಿಸುವರು.

ಆ ಏಕಾದಶಿಯನ್ನೇ ಕೊಂಚ ಹತ್ತಿರದಿಂದ ನೋಡಬೇಕು. ನಿರಾಹಾರ ಮಾಡುವ ನಿಷ್ಠರನ್ನು ಬಿಟ್ಟರೆ ಹೆಚ್ಚಿನ ಮನೆಗಳಲ್ಲಿ ಅಂದು ಆಗುವುದು ಫಲಾಹಾರ: ಬೆಲ್ಲ ಕಾಯಿತುರಿ ಬೆರೆಸಿದ ಅವಲಕ್ಕಿ, ಸಬ್ಬಕ್ಕಿ ಪಾಯಸ, ಬಾಳೆಹಣ್ಣು, ಗೆಣಸು, ರಾತ್ರಿಗೆ ಉಪ್ಪಿಟ್ಟು. ಅನ್ನವೊಂದು ಬಿಟ್ಟು ಪಿಷ್ಟವೆಲ್ಲ ಇದೆ, ಬಿಟ್ಟುಹೋದದ್ದು ಬೇಳೆ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತಗಳನ್ನು ಹಿಡಿಯುವ ಮನೆಗಳಲ್ಲಂತೂ ಎರಡನೆಯ ತಿಂಗಳು ಮೊಸರನ್ನೂ, ಮೂರನೆಯ ತಿಂಗಳು ಹಾಲನ್ನೂ, ನಾಲ್ಕನೆಯ ತಿಂಗಳು ಬೇಳೆಕಾಳುಗಳನ್ನೂ ಬಿಡುತ್ತಾರೆ. ಸಸ್ಯಾಹಾರಿಗೆ ಪ್ರೋಟೀನು ಬರುವ ಮೂರು ದಾರಿಗಳು ಇವೇ. ನೋಂಬಿನ ಕಾಲದಲ್ಲಿ ಮೀನು, ಮಾಂಸ, ಮೊಟ್ಟೆ, ಹಾಲು ಬಿಟ್ಟು ಮರಗೆಣಸನ್ನೂ ಅನ್ನವನ್ನೂ ನೆಚ್ಚುವ ನರಸಿಂಹರಾಜಪುರದ ಮನೆಗಳ ಸ್ಥಿತಿಯೂ ಇದಕ್ಕೆ ದೂರವಲ್ಲ. ಈ ವ್ರತಗಳನ್ನು ಏರ್ಪಡಿಸಿದವರ ಉದ್ದೇಶ ಯಕೃತ್ತನ್ನು ಕುಗ್ಗಿಸುವುದಾಗಿರಲಿಲ್ಲ. ಅವನ್ನು ಆ ಅಳತೆಗೋಲಿನಿಂದ ಅಳೆದು ಹಳಿಯುವುದು ಸಲ್ಲದು. ಆದರೆ ಶಸ್ತ್ರವೈದ್ಯರ ಪಥ್ಯವನ್ನು ಏಕಾದಶಿಯ ಹದಿನೈದು ದಿನಗಳ ವಿಸ್ತರಣವೆಂದು ತಿಳಿದು ಅವಲಕ್ಕಿ, ಹಣ್ಣುಗಳಲ್ಲಿ ಕಳೆದವರು ಹಸಿವನ್ನೂ ಅನುಭವಿಸಿ, ಯಕೃತ್ತನ್ನೂ ಇದ್ದಂತೆಯೇ ಹೊತ್ತು ಮಂಚವೇರುತ್ತಾರೆ.

ಹಾಗಾದರೆ ಮಲೆನಾಡಿನ ಅಡಿಗೆಮನೆಯಲ್ಲಿ ಈ ಪಥ್ಯ ಸಾಧ್ಯವೆ? ಆಸ್ಪತ್ರೆಯವರು ಸಾಮಾನ್ಯವಾಗಿ ಬರೆದುಕೊಡುವುದು ಡಬ್ಬಿಯ ಪ್ರೋಟೀನ್ ಪುಡಿಯನ್ನು. ಅದು ಅಳತೆಗೆ ಸುಲಭ, ಬೆಲೆಗೆ ಕಷ್ಟ. ಮನೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು. ಕೆನೆ ಪೂರ್ತಿ ತೆಗೆದ ಹಾಲು ಒಂದು ಲೀಟರಿನಲ್ಲಿ ಸುಮಾರು 34 ಗ್ರಾಂ ಪ್ರೋಟೀನು, 350 ಕ್ಯಾಲೊರಿ. 50 ಗ್ರಾಂ ಹೆಸರುಬೇಳೆಯಲ್ಲಿ 12 ಗ್ರಾಂ, 175 ಕ್ಯಾಲೊರಿ. 30 ಗ್ರಾಂ ಸೋಯಾ ತುಣುಕಿನಲ್ಲಿ 15 ಗ್ರಾಂ, ಸುಮಾರು 100 ಕ್ಯಾಲೊರಿ. ಅಲ್ಲಿಗೆ 61 ಗ್ರಾಂ ಕೂಡಿ, ಕ್ಯಾಲೊರಿ 625ರಲ್ಲಿಯೇ ನಿಂತಿತು; ಸೌತೆ, ಬಸಳೆ, ಹೀರೆ, ಹಾಗಲಕ್ಕೆ ಇನ್ನೂ ಎಡೆಯುಂಟು. ಮೊಟ್ಟೆ ತಿನ್ನುವವರಿಗೆ ಒಂದರಿಂದ 6 ಗ್ರಾಂ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನು ಬೇಯಿಸಿದರೆ ಪಥ್ಯ, ಹುರಿದರೆ ಅಪಥ್ಯ. ಕಡೆದು ಬೆಣ್ಣೆ ತೆಗೆಯುವ ಪದ್ಧತಿ ಉಳಿದಿರುವ ಮನೆಗಳಲ್ಲಿ ಮಜ್ಜಿಗೆ ಬಹಳ ಒಳ್ಳೆಯ ಆಸರೆ. ಆದರೆ ಒಂದು ಎಚ್ಚರಿಕೆ, ಒಂದು ಲೋಟ ಮಜ್ಜಿಗೆಗೆ ಮೂರು ಲೋಟ ನೀರು ಹೊಯ್ದು ಇಂಗಿನ ಒಗ್ಗರಣೆ ಕೊಟ್ಟ ನೀರುಮಜ್ಜಿಗೆಯಲ್ಲಿ ದಾಹ ಅಡಗೀತೇ ಹೊರತು ಪ್ರೋಟೀನಿನ ಲೆಕ್ಕ ತುಂಬದು. ಒಂದೆಲಗದ ತಂಬುಳಿಗೆ ಕಾಯಿ ಹಾಕದೆ ಜೀರಿಗೆ, ಮಜ್ಜಿಗೆಗಳಲ್ಲಿಯೇ ಅರೆಯಬೇಕು. ಕೊಬ್ಬರಿ ಎಣ್ಣೆಯಾಗಲಿ ತುಪ್ಪವಾಗಲಿ, ಒಂದು ದೊಡ್ಡ ಚಮಚಕ್ಕೆ 120ಕ್ಕೆ ಮಿಕ್ಕ ಕ್ಯಾಲೊರಿ. ಇಷ್ಟಾಗಿಯೂ ಈ ಮನೆಯ ಲೆಕ್ಕವನ್ನು ಆಹಾರತಜ್ಞರಿಗೆ ತೋರಿಸಿ ಒಪ್ಪಿಸಿಕೊಳ್ಳಬೇಕು. ವಿಟಮಿನ್ ಗುಳಿಗೆಗಳೂ ಎರಡು ಲೀಟರಿನಷ್ಟು ನೀರೂ ಅದರ ಭಾಗವೇ. ಮೂತ್ರಪಿಂಡದ ತೊಂದರೆಯಿರುವವರಿಗೆ ಇದೇ ಲೆಕ್ಕ ಸಲ್ಲುವುದಿಲ್ಲ.

ಪ್ರಾಚೀನರು ಈ ದಾರಿಯನ್ನು ಎಷ್ಟು ದೂರ ನಡೆದಿದ್ದರೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯ ಅತಿಸ್ಥೂಲನಿಗೆ ಎಂಟು ದೋಷಗಳನ್ನು ಎಣಿಸುತ್ತದೆ. ಅವುಗಳಲ್ಲಿ ಅತಿಯಾದ ಹಸಿವೂ ಅತಿಯಾದ ಬಾಯಾರಿಕೆಯೂ ಸೇರಿವೆ, ಎಂದರೆ ಹಸಿವನ್ನು ಆತನ ಚಾಪಲ್ಯವೆನ್ನದೆ ರೋಗದ ಲಕ್ಷಣವೆಂದು ಕಾಣುವ ಔದಾರ್ಯ ಆ ಗ್ರಂಥಕ್ಕಿದೆ. ಅದು ಹೇಳುವ ಚಿಕಿತ್ಸೆ, ಹೊಟ್ಟೆಗೆ ಗುರುವಾಗಿ ನಿಲ್ಲುವ, ಆದರೆ ಪುಷ್ಟಿ ಕೊಡದ ಆಹಾರ. ಹೆಸರು, ಹುರುಳಿ, ಜವೆ, ನೆಲ್ಲಿಗಳು ಅದರ ಪಟ್ಟಿಯಲ್ಲಿವೆ. ಹುರುಳಿಕಟ್ಟಿನ ಸಾರು ಬಲ್ಲ ನಾಡಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಆದರೆ ಇಷ್ಟರಿಂದಲೇ, ಇಂದಿನ 800 ಕ್ಯಾಲೊರಿಯ ಪಥ್ಯವೆಲ್ಲ ಚರಕನಲ್ಲಿಯೇ ಇತ್ತೆಂದು ಭಾಷಣ ಮಾಡುವವರನ್ನು ನಾನು ಹಿಂಬಾಲಿಸಲಾರೆ. ಚರಕನ ಮುಂದೆ ಇನ್ಸುಲಿನ್ ಚುಚ್ಚಿಕೊಳ್ಳುವ ರೋಗಿ ಕುಳಿತಿರಲಿಲ್ಲ.

ಅಪಾಯವೆಲ್ಲ ಇರುವುದು ಈ ಕಡೆಯ ಮಾತಿನಲ್ಲಿಯೇ. ಊಟವನ್ನು ಮೂರನೆಯ ಒಂದಕ್ಕೆ ಇಳಿಸಿ ಔಷಧವನ್ನು ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿದರೆ, ಇನ್ಸುಲಿನ್ನೂ ಗ್ಲಿಮೆಪಿರೈಡಿನಂತಹ ಗುಳಿಗೆಗಳೂ ರಕ್ತದ ಸಕ್ಕರೆಯನ್ನು ಬೆವರು, ನಡುಕ, ಮೂರ್ಛೆಗಳ ಮಟ್ಟಕ್ಕೆ ಕೆಡವಬಲ್ಲುವು. ಡಾಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್ ಎಂಬ ಹೊಸ ಬಗೆಯ ಗುಳಿಗೆಗಳು ಸಕ್ಕರೆಯ ಅಂಕಿ ಹೆಚ್ಚು ಏರದಿರುವಾಗಲೂ ರಕ್ತವನ್ನು ಆಮ್ಲಮಯವಾಗಿಸುವ ಅಪಾಯ ತರಬಹುದಾದ್ದರಿಂದ ಅವನ್ನು ಶಸ್ತ್ರಕ್ರಿಯೆಗೆ ಕನಿಷ್ಠ ಮೂರು ದಿನ ಮೊದಲು, ಅನೇಕರಲ್ಲಿ ಪಥ್ಯ ಹಿಡಿದಂದೇ, ವೈದ್ಯರು ನಿಲ್ಲಿಸುತ್ತಾರೆ. ರಕ್ತದೊತ್ತಡದ ಗುಳಿಗೆಯನ್ನೂ ಕೆಲವೊಮ್ಮೆ ತಗ್ಗಿಸಬೇಕಾಗುತ್ತದೆ. ವ್ರತದ ದಿನ ತಲೆ ತಿರುಗಿದರೆ ಸಹಿಸಿಕೊಂಡು ಮಲಗುವ ಅಭ್ಯಾಸವುಳ್ಳ ನಮ್ಮ ಹೆಂಗಸರು ಇಲ್ಲಿಯೂ ಹಾಗೆಯೇ ಮಾಡಿಯಾರೆಂಬುದು ನನ್ನ ಭಯ. ಮೊದಲ ಮೂರು ನಾಲ್ಕು ದಿನ ತಲೆನೋವು, ನಿಶ್ಶಕ್ತಿ, ಬಾಯಿವಾಸನೆ, ಮಲಬದ್ಧತೆಗಳು ಸಹಜ. ಬೆವರಿ ನಡುಗುವುದು ಸಹಜವಲ್ಲ. ಆಗ ಸಕ್ಕರೆ ನೀರು ಕುಡಿಯುವುದರಿಂದ ಯಾವ ನಿಯಮವೂ ಕೆಡುವುದಿಲ್ಲ.

ಅಡಿಕೆಯ ಸೀಮೆಯವರಿಗೆ ಮತ್ತೊಂದು ಕಹಿಮಾತು ಉಳಿದಿದೆ. ಎಲೆಯಡಿಕೆಯ ಕವಳಕ್ಕೆ ಕ್ಯಾಲೊರಿ ಹೆಚ್ಚಿಲ್ಲವೆಂಬುದು ನಿಜ. ಆದರೆ ಅದರಲ್ಲಿ ಹೊಗೆಸೊಪ್ಪು ಇದ್ದರೆ ಅದನ್ನೂ, ಬೀಡಿ ಸಿಗರೇಟುಗಳನ್ನೂ, ಶಸ್ತ್ರಕ್ರಿಯೆಗೆ ವಾರಗಳ ಮುಂಚೆಯೇ ಬಿಡಿಸುತ್ತಾರೆ. ತಂಬಾಕು ಗಾಯ ಮಾಯುವುದನ್ನು ತಡೆಯುತ್ತದೆ. ಬೈಪಾಸ್ ಆದವರಲ್ಲಿ ಧೂಮಪಾನವು ಜೋಡಣೆಯ ಸಂದಿನಲ್ಲಿ ಹುಣ್ಣಿಗೆ ಕಾರಣವಾಗುತ್ತದೆ. ಅನ್ನ ಬಿಡುವುದಕ್ಕಿಂತ ಕವಳ ಬಿಡುವುದೇ ಕಷ್ಟವೆಂದು ಹೇಳುವ ಹಿರಿಯರು ನಮ್ಮಲ್ಲಿ ಅಪರೂಪವಲ್ಲ.

ಪಥ್ಯ ಆರಂಭವಾಗುವ ಮುನ್ನಾದಿನ, ಇನ್ನು ಮುಂದೆ ಉಣ್ಣಲಾರರಲ್ಲ ಎಂಬ ಕರುಣೆಯಿಂದ ಮನೆಯವರೇ ಹೋಳಿಗೆಯನ್ನೋ ಕೋಳಿ ಸಾರು ಕಡುಬನ್ನೋ ಮಾಡಿ ಬಡಿಸುವುದುಂಟು. ಲೋಕದ ಎಲ್ಲೆಡೆಯೂ ವೈದ್ಯರು ಕಂಡಿರುವ ಮನುಷ್ಯ ಸ್ವಭಾವವಿದು. ಒಂದು ಊಟವಾದರೆ ಹೆಚ್ಚು ಕೆಡುಕಿಲ್ಲ, ಬೀಳ್ಕೊಡುಗೆ ವಾರಗಟ್ಟಲೆ ನಡೆದಾಗ ಮಾತ್ರ ಪಥ್ಯದ ಮೊದಲ ದಿನಗಳೆಲ್ಲ ಆ ಸಾಲ ತೀರಿಸುವುದಕ್ಕೇ ಹೋಗುತ್ತವೆ. ನಡುವೆ ಎಂದೋ ತಪ್ಪಿ ನೆಂಟರ ಮನೆಯಲ್ಲಿ ಉಂಡದ್ದಾದರೆ ಅದನ್ನು ವೈದ್ಯರಿಗೆ ಹೇಳುವುದರಲ್ಲಿ ನಾಚಿಕೆ ಬೇಕಿಲ್ಲ, ಏಕೆಂದರೆ ಒಳಗೆ ಕಡ್ಡಿ ಇಟ್ಟು ಯಕೃತ್ತನ್ನು ಎತ್ತುವ ಗಳಿಗೆಯಲ್ಲಿ ಅದು ಅವರಿಗೆ ತಾನಾಗಿಯೇ ತಿಳಿದುಹೋಗುತ್ತದೆ. ಮೊದಲೇ ಗೊತ್ತಿದ್ದರೆ ದಿನವನ್ನು ಮುಂದಕ್ಕೆ ಹಾಕಬಹುದು.

ದಿನ ಗೊತ್ತುಪಡಿಸುವ ವಿಚಾರದಲ್ಲಿ ಈ ಮೂರು ತಾಲ್ಲೂಕಿನವರು ವೈದ್ಯರೊಡನೆ ಸ್ವಲ್ಪ ಚೌಕಾಸಿ ಮಾಡುವುದು ತಪ್ಪಲ್ಲವೆಂದು ನನಗೆ ತೋರುತ್ತದೆ. ಕೊನೆಕೊಯ್ಲಿನ ತಿಂಗಳುಗಳಲ್ಲಿ ಮನೆತುಂಬ ಆಳುಗಳಿದ್ದು, ಅಡಿಕೆ ಬೇಯಿಸುವ ಹಂಡೆಯ ಪಕ್ಕದಲ್ಲಿಯೇ ಅನ್ನದ ಹಂಡೆಯೂ ಕುದಿಯುತ್ತಿರುವಾಗ, ಬಡಿಸುವ ಕೈಗೇ 800 ಕ್ಯಾಲೊರಿಯ ಕಟ್ಟು ಹಾಕುವುದು ಕ್ರೌರ್ಯ. ಗೌರಿ ಗಣೇಶ, ಶೃಂಗೇರಿಯ ನವರಾತ್ರಿ, ದೀಪಾವಳಿ ಸಾಲಾಗಿ ಬರುತ್ತವೆ. ವಸಂತದಲ್ಲಿ ಮದುವೆ ಉಪನಯನಗಳು. ಅಡಿಗೆಮನೆಯ ದೃಷ್ಟಿಯಿಂದ ಹೇಳುವುದಾದರೆ ಆಷಾಢವೇ ಪ್ರಶಸ್ತ: ಮದುವೆಯಿಲ್ಲ, ಕೊಯ್ಲಿಲ್ಲ, ನೆಂಟರ ಬರವೂ ವಿರಳ. ಆದರೆ ಆಷಾಢದಲ್ಲಿ ಆಗುಂಬೆಯ ಘಾಟಿಯಲ್ಲಿ ಮಣ್ಣು ಕುಸಿಯುವುದುಂಟು, ಮರ ಬಿದ್ದು ರಸ್ತೆ ನಿಲ್ಲುವುದುಂಟು. ಕರಾವಳಿಯ ಆಸ್ಪತ್ರೆಗೆ ಹೋಗುವವರು ಒಂದು ದಿನ ಮುಂಚಿತವಾಗಿಯೇ ಇಳಿದು ಅಲ್ಲಿ ತಂಗುವುದು ಲೇಸು. ತಂಗಿದ ಕಡೆಯ ಹೋಟೆಲಿನಲ್ಲಿ ಬೆಣ್ಣೆ ತೆಗೆದ ಮಜ್ಜಿಗೆ ಸಿಗದು. ಅದನ್ನು, ಅಥವಾ ಪುಡಿಯ ಡಬ್ಬಿಯನ್ನು, ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು. ಶಸ್ತ್ರಕ್ರಿಯೆಯ ದಿನ ಅರಿವಳಿಕೆಗೆ ಆರು ಗಂಟೆ ಮುಂಚೆ ಅದನ್ನೂ ನಿಲ್ಲಿಸಿ, ಎರಡು ಗಂಟೆ ಮುಂಚಿನವರೆಗೆ ಬರಿಯ ನೀರು ಕುಡಿಯಲು ಸಾಮಾನ್ಯವಾಗಿ ಬಿಡುತ್ತಾರೆ. ಆ ಗಳಿಗೆಯ ಲೆಕ್ಕವನ್ನು ಮಾತ್ರ ಅರಿವಳಿಕೆಯ ವೈದ್ಯರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.